ಮೂರನೆಯ ಸೀನು

ಜೂನ್ ೨, ಸೋಮವಾರ

ಶಬ್ದಲೋಕದ ಚಕ್ರವರ್ತಿನಿ, ಗುಡುಗಿನ ಒಡತಿ, ಕುದುರೆಯಿಲ್ಲದೆ ಕುದುರೆ ಓಡಿಸುವವಳು, ಬಾಗಿಲಿಲ್ಲದೆ ಬಾಗಿಲು ಕಿರುಗುಟ್ಟಿಸುವವಳು ಆದ ನಾನು ಈ ದಿನ ಅತ್ಯಂತ ಗಂಭೀರವಾಗಿ ಘೋಷಿಸುವುದೇನೆಂದರೆ: ನನಗೆ ಸಿಟ್ಟು ಬಂದಿದೆ.

ಪಾಮರರ ಭಾಷೆಯಲ್ಲಿ ಹೇಳುವುದಾದರೆ, ಮಕ್ಕಳ ಕಥೆಗಳನ್ನು ರೆಕಾರ್ಡ್ ಮಾಡುವ ಸ್ಟುಡಿಯೋದಲ್ಲಿ ಸದ್ದು ಮಾಡುವುದು ನನ್ನ ಉದ್ಯೋಗ. ಹಳೆಯ ಎಕ್ಸ್‌ರೇ ಹಾಳೆ ಅಲ್ಲಾಡಿಸಿದರೆ ಗುಡುಗು. ಒದ್ದೆ ಬಟ್ಟೆ ಹಿಂಡಿದರೆ ಕೊಲೆ. ಇಂಥ ಘನತೆಯ ಹುದ್ದೆಯಲ್ಲಿರುವವಳು ಇವತ್ತು ಬೆಳಿಗ್ಗೆ ಆಸ್ಪತ್ರೆಯ ಕೋಣೆಯಲ್ಲಿ ಒಂದು ಸದ್ದೂ ಮಾಡದೆ ಕುಳಿತಿದ್ದಳು.

ಗಂಟಲಿನ ಡಾಕ್ಟರು ಅಜ್ಜಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಅಪ್ಪನನ್ನೂ ನನ್ನನ್ನೂ ಒಳಗೆ ಕರೆದು ಹೇಳಿದರು. ಗಡ್ಡೆ ಧ್ವನಿಪೆಟ್ಟಿಗೆಯಲ್ಲೇ ಕೂತಿದೆ. ಪೆಟ್ಟಿಗೆಯನ್ನೇ ತೆಗೆಯಬೇಕು. ಕುತ್ತಿಗೆಯ ಮುಂದೆ ಒಂದು ತೂತು ಮಾಡುತ್ತಾರೆ, ಆಮೇಲೆ ಉಸಿರಾಟವೆಲ್ಲ ಅಲ್ಲಿಂದಲೇ. ಜೀವ ಉಳಿಯುತ್ತದೆ. ಮಾತು ಉಳಿಯುವುದಿಲ್ಲ. ಹದಿಮೂರಕ್ಕೆ ಆಪರೇಷನ್.

ಹೊರಗೆ ಬಂದಾಗ ಅಜ್ಜಿ ಕೇಳಿದಳು, "ಏನಂತೆ?"

"ಏನಿಲ್ಲಮ್ಮ" ಅಂದ ಅಪ್ಪ, "ಚಿಕ್ಕ ಆಪರೇಷನ್. ಧ್ವನಿ ಸ್ವಲ್ಪ ಬದಲಾಗಬಹುದಂತೆ."

ಸ್ವಲ್ಪ! ಮನೆ ಸುಟ್ಟು ಬೂದಿಯಾದರೆ 'ಬಣ್ಣ ಸ್ವಲ್ಪ ಬದಲಾಗಿದೆ' ಅನ್ನುವ ಜಾತಿ.

ಬಸ್ಸಿನಲ್ಲಿ ಅಪ್ಪ ನನ್ನ ಕಿವಿಯ ಹತ್ತಿರ ಬಂದು, "ಬಾಯಿ ಬಿಟ್ರೆ ನೋಡು. ಗೊತ್ತಾದ್ರೆ ಆಪರೇಷನ್ನೇ ಬೇಡ ಅಂತಾಳೆ" ಅಂದ. ನಾನು ಹೂಂ ಅಂದೆ.

ಮಧ್ಯಾಹ್ನ ಸ್ಟುಡಿಯೋದಲ್ಲಿ ಹೊಸ ಸುದ್ದಿ. ಸೀತೆಯ ಕಥೆ ಮಾಡಬೇಕಂತೆ. ನಮ್ಮ ಸಲಹೆಗಾರರು, ಅಂದರೆ ಎಲ್ಲ ಕಥೆಗಳನ್ನು ಓದಿ, ತಿದ್ದಿ, 'ಇದು ಶಿಷ್ಟ, ಇದು ಅಶಿಷ್ಟ' ಎಂದು ಬೇರ್ಪಡಿಸುವವರು (ನಾನಿಟ್ಟ ನಾಮಧೇಯ: ಶಿಷ್ಟಾಚಾರ್ಯ), "ಯಾರಾದರೂ ಮನೆಯಲ್ಲಿ ಕಥೆ ಹೇಳೋ ಅಜ್ಜಿ ಬೇಕು. ಧ್ವನಿಯಲ್ಲಿ ಸ್ವಲ್ಪ ಸುಕ್ಕು ಇರಬೇಕು" ಅಂದರು.

"ಸುಕ್ಕು ನಮ್ಮನೇಲೇ ಇದೆ ಸಾರ್" ಅಂದೆ. ಆ ಕ್ಷಣ ಗಂಟಲಿನ ಪೆಟ್ಟಿಗೆ ಹೋದರೂ ಸ್ಟುಡಿಯೋದ ಪೆಟ್ಟಿಗೆಯಲ್ಲಿ ಅವಳು ಉಳಿಯುತ್ತಾಳೆ ಅಂತ ಹೊಳೆಯಿತು. ನನ್ನ ಜಾಣ್ಮೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಜೂನ್ ೪, ಬುಧವಾರ

ಅಜ್ಜಿಯ ಪಟ್ಟಾಭಿಷೇಕ ನೆರವೇರಿತು. ಗಾಜಿನ ಕೋಣೆ, ಮೆತ್ತೆಯ ಕುರ್ಚಿ, ಮೂಗಿನ ಮುಂದೆ ಮೈಕು. ಅಜ್ಜಿ ಮೈಕನ್ನು ಮೂಸಿ ನೋಡಿ, "ಇದನ್ನ ಯಾರೂ ತೊಳ್ದಿಲ್ಲ" ಅಂದಳು. ಗಾಜಿನ ಆಚೆ, ಯಂತ್ರದ ಮುಂದೆ ಶ್ಶಣ್ಣ. ರೆಕಾರ್ಡ್ ಮಾಡುವವನು ಅವನೇ. ಬೆಳಿಗ್ಗೆಯಿಂದ ಸಂಜೆಯವರೆಗೆ 'ಶ್ಶ್' ಬಿಟ್ಟರೆ ಬೇರೆ ಮಾತಿಲ್ಲದ್ದರಿಂದ ಆ ಬಿರುದು.

"ಒಬ್ಬ ರಾಜ. ಅವನಿಗೆ ಹತ್ತು ತಲೆ" ಎಂದು ಶುರು ಮಾಡಿದ ಅಜ್ಜಿ ಅಲ್ಲಿಗೇ ನಿಲ್ಲಿಸಿದಳು.

"ಮುಂದೆ ಹೇಳಿ ಅಜ್ಜಿ" ಅಂದ ಶ್ಶಣ್ಣ.

"ಹೂಂ ಅನ್ನೋರು ಯಾರು?"

"ಯಾರೂ ಏನೂ ಅನ್ನಬಾರದು. ಸದ್ದು ಸೇರಿಕೊಳ್ಳುತ್ತೆ."

"ಹೂಂ ಇಲ್ದೆ ಕಥೆ ಹ್ಯಾಗಪ್ಪಾ ನಡೆಯುತ್ತೆ? ಗೋಡೆಗೆ ಹೇಳ್ಲಾ?"

ಅರ್ಧ ಗಂಟೆ ವಾಗ್ವಾದ. ಕೊನೆಗೆ ನನ್ನನ್ನು ಆಸ್ಥಾನದ ಹೂಂಕಾರಿಣಿಯಾಗಿ ನೇಮಿಸಲಾಯಿತು. ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕೂತೆ, ಐದು ವರ್ಷದವಳಿದ್ದಾಗ ಕೂರುತ್ತಿದ್ದ ಹಾಗೆ. ಆಗ ಕಥೆ ಹೊರಟಿತು.

ಹತ್ತು ತಲೆಯ ರಾಜನಿಗೆ ಮಕ್ಕಳಿಲ್ಲ. ಒಬ್ಬ ಮುನಿ ಒಂದು ಮಾವಿನಹಣ್ಣು ಕೊಟ್ಟು, ತಿರುಳು ಹೆಂಡತಿಗೆ ಕೊಡು, ಓಟೆ ನೀನು ಚೀಪು ಅಂದ. ಹತ್ತು ಬಾಯಿ, ಒಂದು ಹಣ್ಣು, ತಿರುಳು ಉಳಿಯುತ್ತದೆಯೇ? ತಾನೇ ತಿಂದು ಹೆಂಡತಿಗೆ ಓಟೆ ಕೊಟ್ಟ. "ಹತ್ತು ತಲೆ ಇದ್ರೂ ಬುದ್ಧಿಗೆ ಒಂದ್ರಲ್ಲೂ ಜಾಗ ಇರ್ಲಿಲ್ಲ" ಅಂದಳು ಅಜ್ಜಿ. ಬಸುರಾದವನು ರಾಜ. ದಿನಕ್ಕೊಂದು ತಿಂಗಳು ತುಂಬಿತು. ಯಾರಿಗೂ ಹೇಳುವಂತಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಮೂಗು ಕಡಿಯತೊಡಗಿತು. ಒಂದಲ್ಲ, ಹತ್ತು ಮೂಗು.

ಆಮೇಲೆ ಅಜ್ಜಿ ಹತ್ತು ಸೀನು ಸೀನಿದಳು. ತಲೆಗೊಂದು. ಮೊದಲನೆಯದು ಯುದ್ಧದ ನಗಾರಿ. ಎರಡನೆಯದು ದರಬಾರಿನದು, ಸೀನಿ ಆದಮೇಲೆ ಎಲ್ಲರೂ ನೋಡಿದರೇ ಎಂದು ನೋಡುವಂಥದ್ದು. ಮೂರನೆಯದು ಅಂಗೈ ಅಡ್ಡ ಇಟ್ಟುಕೊಂಡು, ಪಕ್ಕದ ಕೋಣೆಯ ಹೆಂಡತಿಗೆ ಕೇಳಿಸಬಾರದೆಂದು ನುಂಗಿದ ಹೆದರುಪುಕ್ಕಲ ಸೀನು: 'ಕ್ಶ್'. ಹೀಗೇ ಹೋಗಿ ಹತ್ತನೆಯದಕ್ಕೆ ಯಂತ್ರದ ಮುಳ್ಳು ಕೆಂಪು ಗೆರೆ ದಾಟಿತು, ಶ್ಶಣ್ಣ ಕಿವಿಯಿಂದ ಹೆಡ್‌ಫೋನ್ ಕಿತ್ತೆಸೆದ.

"ಹತ್ತನೇ ತಲೆ ಸೀತಾಗ ಮೂಗಿಂದ ಒಂದು ಹೆಣ್ಣುಮಗು ಅಂಗೈಗೆ ಬಿತ್ತು. ಸೀತದ್ದಕ್ಕೆ ಸೀತೆ ಅಂತ ಹೆಸರು."

ನಾವು 'ಸೀನಿದ' ಅನ್ನುವುದನ್ನು ಅಜ್ಜಿಯ ಕಡೆಯವರು 'ಸೀತ' ಅನ್ನುತ್ತಾರೆ. ಒಂದು ಕ್ರಿಯಾಪದದಲ್ಲಿ ಒಬ್ಬ ದೇವಿ ಹುಟ್ಟಿಬಿಟ್ಟಳು. ವ್ಯಾಕರಣಕ್ಕೆ ನಾನು ಮೊದಲ ಬಾರಿ ತಲೆಬಾಗಿದೆ.

ಜೂನ್ ೫, ಗುರುವಾರ

ಶಿಷ್ಟಾಚಾರ್ಯರು ನಿನ್ನೆಯ ಭಾಗವನ್ನು ಕೇಳಿದರು. ಅವರ ಮುಖ ಸೀನು ಬಂದೂ ಬಾರದವನ ಹಾಗಿತ್ತು.

"ನೋಡಿ ಅಮ್ಮಾ, ಸೀತೆ ನೇಗಿಲ ಸಾಲಿನಲ್ಲಿ ಸಿಕ್ಕಿದವಳು. ಭೂಮಿಯ ಮಗಳು."

"ಸಿಕ್ಕಿದ್ದು ನಿಜ ಕಣಪ್ಪ. ನೆಲದಲ್ಲಿ ಮಗು ಬೆಳೆಯುತ್ತಾ? ಯಾರೋ ಇಟ್ರು ತಾನೇ? ಇಟ್ಟೋನು ಯಾರು ಅಂತ ನಾನು ಹೇಳ್ತಿದ್ದೀನಿ. ಹಡೆದ ಅಪ್ಪನೇ ಭಯ ಬಿದ್ದು ಪೆಟ್ಟಿಗೇಲಿ ಹಾಕಿ ಹೂತ."

"ಜನ ಪೂಜೆ ಮಾಡೋ ತಾಯಿ ಅಮ್ಮಾ! ಮೂಗಿನಿಂದ ಹುಟ್ಟಿದಳು ಅಂದ್ರೆ..."

"ನಾನೂ ದಿನಾ ಕೈ ಮುಗೀತೀನಪ್ಪ. ಕೈ ಮುಗಿಯೋವಾಗ ಮೂಗು ಅಡ್ಡ ಬರಲ್ಲ."

ಅವರು ಮಾತು ಬೆಳೆಸಲಿಲ್ಲ. ನಯವಾಗಿ ನಕ್ಕು ಹೋದರು. ಆ ನಗು ಕಂಡು ನನಗೆ ಮೈಯೆಲ್ಲ ಉರಿದುಹೋಯಿತು. ಜಗಳವಾಡಿದ್ದರೆ ವಾಸಿಯಿತ್ತು.

ಅಜ್ಜಿಯ ಧ್ವನಿ ಸಂಜೆಗೆ ಇನ್ನೂ ಒಡೆದಿದೆ. ಅಪ್ಪ ಬಿಸಿನೀರು ಕೊಡುತ್ತ, "ಆಪರೇಷನ್ ಆದ್ಮೇಲೆ ಎಲ್ಲ ಸರಿಹೋಗುತ್ತಮ್ಮ" ಅಂದ. ನನ್ನ ಕಡೆ ನೋಡಿದ. ನಾನು ಮತ್ತೆ ಹೂಂ ಅಂದೆ.

ಜೂನ್ ೬, ಶುಕ್ರವಾರ

ಚಿರಸ್ಮರಣೀಯ ದಿನ! ಶಿಷ್ಟಾಚಾರ್ಯರಿಂದ ಒಂದು ಚೀಟಿ ಬಂತು: 'ಮೂರನೆಯ ಸೀನು ತೆಗೆಯಬೇಕು. ಮಕ್ಕಳಿಗೆ ತಕ್ಕುದಲ್ಲ.'

ಅವರ ಲೆಕ್ಕದಲ್ಲಿ ಕಥೆಯ ಮೂರನೆಯ ಸೀನು ಎಂದರೆ ಸೀತೆ ಹುಟ್ಟುವ ಇಡೀ ದೃಶ್ಯ ಎಂದು ನನಗೆ ಗೊತ್ತಿಲ್ಲವೇ? ಗೊತ್ತು. ಆದರೂ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಶ್ಶಣ್ಣನಿಗೆ ಓದಿ ಹೇಳಿ, "ಮೂರನೇ ತಲೆಯ ಸೀನು ತೆಗೀಬೇಕಂತೆ" ಅಂದೆ.

"ಸೀನು ಅಂದ್ರೆ ದೃಶ್ಯ ಇರಬೇಕು ಕಣೇ."

"ಛೆ ಛೆ. ಅವರು ಶಿಷ್ಟರು. ಪರಭಾಷೆಯ ಪದ ಬಳಸ್ತಾರಾ?"

ಶ್ಶಣ್ಣನಿಗೆ ಅದು ಸರಿ ಅನ್ನಿಸಿತು. 'ಕ್ಶ್' ಅನ್ನುವ ಆ ಒಂದನ್ನು ಮಾತ್ರ ಕತ್ತರಿಸಿ ಹಾಕಿದ. ಎಸೆಯಲು ಮನಸ್ಸು ಬಾರದೆ ತುಂಡನ್ನು ನನ್ನ ಫೋನಿಗೆ ಹಾಕಿಕೊಂಡೆ. ನಾನು ಕೂಡಿಟ್ಟ ಕಪ್ಪೆ, ಬಾಗಿಲ ಕೀಲು, ಕುಕ್ಕರ್ ಸದ್ದುಗಳಿರುವ ಕಡೆ ಅದಕ್ಕೂ ಜಾಗ.

ಸಂಜೆ ಉಳಿದದ್ದನ್ನು ಅಜ್ಜಿಗೆ ಕೇಳಿಸಿದೆವು. ಅವಳು ಬೆರಳು ಮಡಚುತ್ತ ಕೇಳಿ, "ಒಂದು ತಲೆ ಎಲ್ಲೇ ಕೋತಿ?" ಅಂದಳು.

"ನೆಗಡಿ ಇರ್ಲಿಲ್ಲ ಅದಕ್ಕೆ" ಅಂದೆ.

ಜೂನ್ ೯, ಸೋಮವಾರ

ನಗುವ ಸ್ಥಿತಿಯಲ್ಲಿಲ್ಲ.

ಇವತ್ತು ಕಾಡಿನ ಭಾಗ. ತುಂಬು ಬಸುರಿಯನ್ನು ಮೈದುನ ರಥದಲ್ಲಿ ಕೂರಿಸಿಕೊಂಡು ಹೊರಟಿದ್ದಾನೆ. ಅವಳಿಗೆ ಕಾಡು ನೋಡುವ ಆಸೆ, ತೋರಿಸಿಕೊಂಡು ಬರಲು ಕರೆದೊಯ್ಯುತ್ತಿದ್ದಾರೆ ಅಂದುಕೊಂಡಿದ್ದಾಳೆ. ದಾರಿಯಲ್ಲಿ ಕಂಡ ಹಕ್ಕಿ ತೋರಿಸುತ್ತಾಳೆ, ಮೈದುನ ಹೂಂ ಅನ್ನುತ್ತಾನೆ. ಹೊಳೆ ತೋರಿಸುತ್ತಾಳೆ, ಹೂಂ ಅನ್ನುತ್ತಾನೆ.

ನಾನು ರಥದ ಗಾಲಿಯ ಸದ್ದು ಹೇಗೆ ಮಾಡುವುದು ಎಂದು ಯೋಚಿಸುತ್ತಿದ್ದೆ.

"ಬಿಟ್ಟರಲ್ಲ ಅಂತಲ್ಲ ಅವಳಿಗೆ ಸಿಟ್ಟು ಬಂದಿದ್ದು" ಅಂದಳು ಅಜ್ಜಿ. ಒಡಕು ಧ್ವನಿ ಇನ್ನೂ ಕೆಳಗಿಳಿದಿತ್ತು. "ಕಾಡು ಅವಳಿಗೆ ಹೊಸದಾ? ಹೇಳ್ದೆ ಬಿಟ್ರಲ್ಲ, ಅದಕ್ಕೆ. ಊರಿಗೆಲ್ಲ ಗೊತ್ತು, ರಥದ ಕುದುರೆಗೂ ಗೊತ್ತು. ಅವಳಿಗೊಬ್ಬಳಿಗೆ ಗೊತ್ತಿಲ್ಲ."

ನಿಲ್ಲಿಸಿದಳು. ಕಾದಳು.

ಹೂಂ ಬರಲಿಲ್ಲ.

"ಯಾಕೆ, ಹೂಂ ಅನ್ನಲ್ವಾ?"

ನಾನು ಎದ್ದು ಹೊರಗೆ ಹೋದೆ. ನನ್ನ ಹಿಂದೆ ಶ್ಶಣ್ಣನ 'ಶ್ಶ್' ಕೇಳಿಸಿತು, ಬಾಗಿಲು ಕಿರುಗುಟ್ಟಿತು, ನಿಜವಾದ ಬಾಗಿಲು.

ಮನೆಗೆ ನಡೆದು ಬರುವಾಗ ಚಪ್ಪಲಿ ಅಂಗಡಿಯ ಮೆಟ್ಟಿಲ ಮೇಲೆ ಅಜ್ಜಿ ಸುಧಾರಿಸಿಕೊಳ್ಳಲು ಕೂತಳು. ಅಲ್ಲೇ ಹೇಳಿದೆ. ಪೆಟ್ಟಿಗೆ, ತೂತು, ಉಸಿರು, ಎಲ್ಲ. ಅಂಗಡಿಯವನು ಯಾರಿಗೋ ಬೂಟು ತೊಡಿಸುತ್ತಿದ್ದ.

ಅಜ್ಜಿ ಬಿಚ್ಚಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡಳು. ಆಮೇಲೆ ಕೇಳಿದ್ದು ಒಂದೇ:

"ಯಾವತ್ತಿಂದ ಗೊತ್ತು ನಿಂಗೆ?"

"ಹೋದ ಸೋಮವಾರದಿಂದ."

"ಇಷ್ಟು ದಿನ ನನ್ನ ಕಾಲ ಹತ್ರ ಕೂತು ಹೂಂ ಅಂತಿದ್ದೆ."

ಬೈದಿದ್ದರೆ ಸಾಕಿತ್ತು. ಉಳಿದ ದಾರಿ ನನ್ನ ಕೈ ಹಿಡಿಯದೆ ನಡೆದಳು.

ಜೂನ್ ೧೦, ಮಂಗಳವಾರ

ಮನೆಯಲ್ಲಿ ಯುದ್ಧ.

ಅಪ್ಪ: "ನಿನ್ನ ಒಳ್ಳೇದಕ್ಕೇ ಅಮ್ಮ."

ಅಜ್ಜಿ: "ಆ ಮೈದುನನೂ ಅಣ್ಣನ ಒಳ್ಳೇದಕ್ಕೇ ಮಾಡ್ದ."

"ಹೇಳಿದ್ರೆ ಬೇಡ ಅಂತಿದ್ದೆ ನೀನು!"

"ಅಂತಿದ್ದೆ. ಒಂದು ದಿನ ಅಂತಿದ್ದೆ. ಎರಡನೇ ದಿನ ಹೂಂ ಅಂತಿದ್ದೆ. ಆ ಒಂದು ದಿನ ನಂದು. ಅದನ್ನ ಕದ್ದುಬಿಟ್ಯಲ್ಲೋ!"

ಅಪ್ಪ ಅಡುಗೆಮನೆಯಲ್ಲಿ ಹೋಗಿ ನಿಂತ. ನಲ್ಲಿ ತಿರುಗಿಸಿದ, ನೀರಿನ ಸದ್ದಿನಲ್ಲಿ ಅಳು ಕೇಳಿಸುವುದಿಲ್ಲ ಅಂದುಕೊಂಡಿದ್ದಾನೆ ಪಾಪ, ಮನೆಯಲ್ಲಿ ಸದ್ದಿನ ಕಸುಬಿನವಳೊಬ್ಬಳಿರುವಾಗ. ಅವನ ಮೇಲೆ ಸಿಟ್ಟು ಇನ್ನೂ ಇದೆ. ಆದರೆ ಹೋಗಿ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಬಂದೆ.

ಅಜ್ಜಿ ಒಬ್ಬಳೇ ಡಾಕ್ಟರ ಹತ್ತಿರ ಹೋಗಿ ಎಲ್ಲ ಕೇಳಿಕೊಂಡು ಬಂದಳು. ಬಂದವಳು ನನಗೆ, "ನಾಳೆ ಕಥೆ ಮುಗಿಸ್ಬೇಕು, ಕೋತಿ. ಎದ್ದು ಓಡಿ ಹೋಗ್ಬೇಡ" ಅಂದಳು.

ಜೂನ್ ೧೧, ಬುಧವಾರ

ಕಥೆ ಮುಗಿಯಿತು. ಬಾ ಎಂದು ಕರೆದವರ ಕಡೆ ತಿರುಗಿಯೂ ನೋಡದೆ ಸೀತೆ ಭೂಮಿಯೊಳಗೆ ಇಳಿದಳು. ಅಜ್ಜಿ ಅದನ್ನು ಅಳುತ್ತ ಹೇಳಲಿಲ್ಲ, ಹಲ್ಲು ಕಚ್ಚಿ ಹೇಳಿದಳು. "ಹೋಗೋವಾಗ ಅವಳು ಹೇಳಿ ಹೋದಳು. ಅಷ್ಟು ಮರ್ಯಾದೆ ಅವಳಿಗಿತ್ತು." ಒಂದು ಹೂಂ ಕೂಡ ತಪ್ಪಿಸಲಿಲ್ಲ ನಾನು.

ಸಾಯಂಕಾಲ ನನ್ನ ವೀರಗಾಥೆಯ ಫಲ ಹೊರಬಿತ್ತು. ಶಿಷ್ಟಾಚಾರ್ಯರು ಸ್ಟುಡಿಯೋದ ಯಜಮಾನರನ್ನು ಕೂರಿಸಿಕೊಂಡು ಕಥೆ ಹಾಕಿಸಿದರಂತೆ. ದೃಶ್ಯವಿಲ್ಲ ಎಂದುಕೊಂಡ ಜಾಗದಲ್ಲಿ ಒಂಬತ್ತು ಸೀನು ಸಾಲಾಗಿ ಬಂದವಂತೆ. ಯಜಮಾನರು ನಕ್ಕರಂತೆ. ಅದೇ ಇವರಿಗೆ ಸಹಿಸಲಾಗಲಿಲ್ಲ. ನನ್ನ ಕೈವಾಡ ಗೊತ್ತಿಲ್ಲದೆ ಶ್ಶಣ್ಣನ ಮೇಲೆ ಹಾರಾಡಿದರು.

"ಇನ್ಮೇಲೆ ಪದಕ್ಕೆ ಅರ್ಥ ಹುಡುಕೋಕೆ ಹೋಗ್ಬೇಡಿ. ಎದುರು ಪ್ರಶ್ನೆ ಬೇಡ. ಹೇಳಿದ್ದು ಹೇಳಿದ ಹಾಗೆ ಮಾಡಿ!"

ಶ್ಶಣ್ಣ ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಗಾಜಿನ ಆಚೆ ನಿಂತು ನಗು ತಡೆದುಕೊಂಡಿದ್ದೆ.

ಜೂನ್ ೧೨, ಗುರುವಾರ

ಹೋಯಿತು.

ಎಲ್ಲ ಹೋಯಿತು.

ಬೆಳಿಗ್ಗೆ ಶಿಷ್ಟಾಚಾರ್ಯರು ಫೋನಿನಲ್ಲಿ ಶ್ಶಣ್ಣನಿಗೆ ಹೇಳಿದ್ದು: "ಆ ಸೀತೆ ಫೈಲು ತೆಗೀರಿ." ತೆರೆದಿಡಿ, ಬಂದು ಇನ್ನೊಮ್ಮೆ ಕೇಳುತ್ತೇನೆ ಎಂದು ಅವರ ಅರ್ಥ. ಎದುರು ಪ್ರಶ್ನೆ ಕೇಳಬಾರದೆಂದು ಕಲಿತಿದ್ದ ಶ್ಶಣ್ಣ ಕೇಳಲಿಲ್ಲ. ತೆಗೆದ. ಅಳಿಸಿದ. ಹೂಂ ಸಮೇತ, ಕಾಡು ಸಮೇತ, ಒಂಬತ್ತೂ ತಲೆ ಸಮೇತ. ಅಳಿಸಿದ್ದು ಮರಳಿ ಬರುವ ದಾರಿಗಳನ್ನೆಲ್ಲ ಸಂಜೆಯವರೆಗೆ ಹುಡುಕಿದೆವು. ಬರಲಿಲ್ಲ.

ಶಿಷ್ಟಾಚಾರ್ಯರು ಬಂದು ಕುರ್ಚಿಯಲ್ಲಿ ಕುಸಿದರು. "ಆ ಕಾಡಿನ ಭಾಗ ಇನ್ನೊಂದ್ಸಲ ಕೇಳ್ಬೇಕು ಅನ್ನಿಸ್ತು, ಅಷ್ಟೇ" ಅಂದರು. ಅವರನ್ನು ಹೊಡೆಯಬೇಕು ಅನ್ನಿಸಿತು. ಆದರೆ ಕಥೆ ಅವರಿಗೂ ತಟ್ಟಿತ್ತು, ಹೊಡೆಯುವುದು ಹೇಗೆ? ಶ್ಶಣ್ಣನನ್ನು ಬೈಯಬೇಕು ಅನ್ನಿಸಿತು. ಅವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತಿದ್ದ. ಎಕ್ಸ್‌ರೇ ಹಾಳೆ ತೆಗೆದು ನೆಲಕ್ಕೆ ಬಡಿದೆ. ಗುಡುಗು ಬಂತು. ಎಂಥ ಅವಿವೇಕದ ಗುಡುಗು. ಹರಿದು ಹಾಕಿದೆ.

ಒಂದೇ ಶಬ್ದಕ್ಕೆ ಎರಡು ಅರ್ಥ ಇಟ್ಟ ಭಾಷೆಯ ಮೇಲೆ ಸಿಟ್ಟು. ಅದನ್ನು ಮೊದಲು ಆಟಕ್ಕೆ ತೆಗೆದುಕೊಂಡವಳು ಯಾರು ಅಂತ ಕೇಳಬಾರದು ಈ ಪುಟ.

ಅಪ್ಪ ಅಂದ, "ನಾಳೆ ಆಪರೇಷನ್. ಈಗ ಇದನ್ನ ಅವಳಿಗೆ ಹೇಳ್ಬೇಡ."

ನಾನು ಹೂಂ ಅನ್ನಲಿಲ್ಲ.

ಜೂನ್ ೧೩, ಶುಕ್ರವಾರ

ಆಸ್ಪತ್ರೆಯ ಹಸಿರು ಗೌನಿನಲ್ಲಿ ಅಜ್ಜಿ ಚಿಕ್ಕ ಹುಡುಗಿಯ ಹಾಗೆ ಕಂಡಳು. ಮಂಚದ ಪಕ್ಕ ನೆಲದ ಮೇಲೆ ಕೂತೆ.

"ಒಂದು ಸ್ಟುಡಿಯೋದಲ್ಲಿ ಒಂದು ಕೋತಿ ಇತ್ತು" ಅಂದೆ.

"ಹೂಂ" ಅಂದಳು ಅಜ್ಜಿ.

"ಅದಕ್ಕೊಂದು ಚೀಟಿ ಸಿಕ್ತು."

"ಹೂಂ."

ಎಲ್ಲ ಹೇಳಿದೆ. ಸೀನಿಗೆ ಎರಡು ಅರ್ಥ ಇರುವುದು, ಮೂರನೇ ತಲೆ ಎಲ್ಲಿ ಹೋಯಿತೆನ್ನುವುದು, ಶ್ಶಣ್ಣ ಬೈಸಿಕೊಂಡದ್ದು, ತೆಗೆದದ್ದು. ಪ್ರತಿಯೊಂದಕ್ಕೂ ಹೂಂ ಅಂದಳು, ಎಲ್ಲೂ ಮುಖ ತಿರುಗಿಸಲಿಲ್ಲ. ಕೊನೆಗೆ, "ಏನೂ ಉಳಿದಿಲ್ಲ ಅಜ್ಜಿ. ಕೋತಿ ಮಾಡಿದ್ದು" ಅಂದೆ.

ಅಷ್ಟರಲ್ಲಿ ಗಾಲಿಮಂಚ ತಳ್ಳುವವರು ಬಂದರು. ಅಜ್ಜಿಯ ಕಣ್ಣಲ್ಲಿ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ ನಾನು. ನನ್ನ ಕಿವಿ ಹಿಡಿದು ನೋವಾಗುವಷ್ಟು ತಿರುಚಿದಳು. ಮಂಚ ಹೊರಟಿತು. ನಾನು ಜೊತೆಯಲ್ಲೇ ಓಡಿದೆ.

"ಅಜ್ಜಿ, ಈಗ ಒಳಗೆ ಕರ್ಕೊಂಡು ಹೋಗ್ತಿದ್ದಾರೆ. ಎಚ್ಚರ ಆದಾಗ ಮಾತು ಇರಲ್ಲ."

ಬಾಗಿಲು ಮುಚ್ಚುವ ಮುಂಚೆ ಒಳಗಿಂದ ಬಂತು, ಒಡಕಾಗಿ, ಗಟ್ಟಿಯಾಗಿ:

"ಹೂಂ."

ಜೂನ್ ೧೭, ಮಂಗಳವಾರ

ಬರೆಯಲು ಏನಿಲ್ಲ. ಶ್ಶಣ್ಣನ ಪಕ್ಕ ನಿಂತು ಯಜಮಾನರಿಗೆ ಚೀಟಿಯ ವಿಷಯ ಹೇಳಿದೆ. ನನ್ನನ್ನು ಕೆಲಸದಿಂದ ತೆಗೆದರು. ಈ ಸಲ ತೆಗೆದದ್ದಕ್ಕೆ ಒಂದೇ ಅರ್ಥ.

ಜೂನ್ ೨೫, ಬುಧವಾರ

ಅಜ್ಜಿಯ ಕುತ್ತಿಗೆಯ ತೂತಿನ ಮುಂದೆ ತೆಳು ಬಿಳಿ ಬಟ್ಟೆ ಕಟ್ಟಿದ್ದಾರೆ. ಉಸಿರಿಗೆ ಅದು ಮೆಲ್ಲಗೆ ಏಳುತ್ತದೆ, ಬೀಳುತ್ತದೆ. ಬರೆಯಲು ಸ್ಲೇಟು ಕೊಟ್ಟರೆ ಅಜ್ಜಿ ಅದರ ಮೇಲೆ ಲೋಟ ಇಡುತ್ತಾಳೆ. ಇಷ್ಟು ದಿನ ಯಾರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಅಪ್ಪ ಪಕ್ಕದ ಕುರ್ಚಿಯಲ್ಲಿ ಕೂತು, ಇವತ್ತು ಯಾವ ಔಷಧಿ, ಯಾಕೆ, ಎಷ್ಟು ಉರಿಯುತ್ತದೆ ಎಂದು ಎಲ್ಲವನ್ನೂ ಅವಳಿಗೆ ಹೇಳುತ್ತಾನೆ. ಅವಳು ಗೋಡೆ ನೋಡುತ್ತಾಳೆ.

ಇವತ್ತು ಮಧ್ಯಾಹ್ನ ನೆಲದ ಮೇಲೆ ಕೂತು, ಯಾಕೆ ಶುರು ಮಾಡಿದೆನೋ ಗೊತ್ತಿಲ್ಲ, "ಒಬ್ಬ ರಾಜ. ಅವನಿಗೆ ಹತ್ತು ತಲೆ" ಅಂದೆ.

ನಿಲ್ಲಿಸಿದೆ. ಮುಂದೆ ಹೋಗಲಾಗಲಿಲ್ಲ. ಹೂಂ ಇಲ್ಲದೆ ಹೇಗೆ ಹೋಗುವುದು?

ಆಮೇಲೆ ಟಕ್. ಅಜ್ಜಿ ಚಮಚದಿಂದ ಮಂಚದ ಕಬ್ಬಿಣಕ್ಕೆ ಹೊಡೆದಿದ್ದಳು.

ಹೇಳಿದೆ. ಮುನಿ ಬಂದ, ಟಕ್. ಹಣ್ಣು ಕೊಟ್ಟ, ಟಕ್. ತಿರುಳು ತಿಂದ, ಬಸುರಾದ, ಮೂಗು ಕಡಿಯಿತು. ಮೊದಲನೇ ತಲೆಯ ಸೀನು ನಾನೇ ಸೀನಿದೆ. ಅಜ್ಜಿ ಹುಬ್ಬು ಗಂಟಿಕ್ಕಿದಳು: ನಗಾರಿಯಂತೆ ಇರಲಿಲ್ಲ. ಮತ್ತೆ ಸೀನಿದೆ. ಟಕ್. ಎರಡನೆಯದು ಆಯಿತು. ಮೂರನೆಯದಕ್ಕೆ ಫೋನು ಒತ್ತಿದೆ.

'ಕ್ಶ್.'

ಅಜ್ಜಿ ಫೋನು ನೋಡಿದಳು. ನನ್ನನ್ನು ನೋಡಿದಳು. ಉಳಿದಿದ್ದು ಇಷ್ಟೇ ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಅಪ್ಪ ಎದ್ದ. ಅಳುತ್ತಿರಲಿಲ್ಲ. ಲಕ್ಷಣವಾಗಿದ್ದ ಒಂಬತ್ತು ಹೋಗಿ ಆ ಹೆದರುಪುಕ್ಕಲೊಂದೇ ಉಳಿದುಕೊಂಡಿತಲ್ಲ ಎಂದು ಸದ್ದಿಲ್ಲದೆ ಹೊಟ್ಟೆ ಹಿಡಿದು ನಗುತ್ತಿದ್ದಳು.

ನಾಲ್ಕು, ಐದು, ಆರು. ಒಂದೊಂದಕ್ಕೂ ಚಮಚ ಬೀಳುತ್ತಿತ್ತು, ಎರಡು ಸಲ ಬಿದ್ದರೆ ಮತ್ತೆ ಸೀನು ಅಂತ. ನನ್ನ ಗಂಟಲು ಉರಿಯುತ್ತಿತ್ತು. ಒಂಬತ್ತು ಮುಗಿಸಿ ಹತ್ತನೆಯದಕ್ಕೆ ಉಸಿರೆಳೆದುಕೊಂಡೆ.

ಅಜ್ಜಿ ಚಮಚ ಎತ್ತಿ ತಡೆದಳು.

ಮೈ ನೆಟ್ಟಗೆ ಮಾಡಿ ಕೂತಳು. ಕಣ್ಣು ಮುಚ್ಚಿದಳು. ಎದೆ ಹಿಗ್ಗಿತು, ಹಿಗ್ಗಿತು. ಕುತ್ತಿಗೆಯ ಆ ತೂತಿನಿಂದ ಗಾಳಿ ಎಂಥ ರಭಸದಲ್ಲಿ ಹೊರಬಿತ್ತೆಂದರೆ, ಬಿಳಿ ಬಟ್ಟೆ ಕಟ್ಟು ಬಿಚ್ಚಿಕೊಂಡು ಹಾರಿ ಬಾಗಿಲಲ್ಲಿ ಬರುತ್ತಿದ್ದ ನರ್ಸಿನ ಔಷಧಿ ತಟ್ಟೆಯ ಮೇಲೆ ಹೋಗಿ ಬಿತ್ತು. ನರ್ಸು ಕಿರುಚಿದಳು. ಅಪ್ಪ ಕುರ್ಚಿ ಬೀಳಿಸಿದ.

ಅಜ್ಜಿ ಅಂಗೈ ಮುಂದೆ ಚಾಚಿದ್ದಳು, ಏನೋ ಬಿದ್ದದ್ದನ್ನು ಹಿಡಿದುಕೊಂಡ ಹಾಗೆ. ನನ್ನನ್ನೇ ನೋಡುತ್ತಿದ್ದಳು.

"ಸೀತ" ಅಂದೆ. "ಸೀತದ್ದಕ್ಕೆ ಸೀತೆ."

ಟಕ್.